ಪಟ್ಟದ ರಾಣಿ ಮತ್ತು ಸ್ವಸ್ಥಾನ ಯಂತ್ರ

“ಎಲ್ಲಾ ಸ್ವಲ್ಪ ಹಿಂದಕ್ಕೆ ಸರೀರಿ! ಆನೆ ಹೊರಡ್ತಿದೆ!” ಎಂದು ವಸುಂಧರೆ ಕೂಗಿದಳು.

ಆನೆ ಹೊರಟೇಬಿಟ್ಟಿತು! ಅಂಗೈಯಗಲದ ಮಣ್ಣಿನ ಆನೆ. ಬೆನ್ನ ಮೇಲೆ ಬೆಂಕಿಪೊಟ್ಟಣದಷ್ಟು ಅಂಬಾರಿ. ಗೊಂಬೆ ಮೆಟ್ಟಿಲುಗಳ ಕೆಳಗೆ ಮಾಡಿದ್ದ ಪುಟ್ಟ ರಾಜಬೀದಿಯಲ್ಲಿ ಅದು ಸೊಂಡಿಲು ಬೀಸುತ್ತಾ ನಡೆಯಿತು. ಹಿಂದೆ ಕುದುರೆಗಳು, ಅವುಗಳ ಹಿಂದೆ ಬ್ಯಾಂಡಿನವರು. ಕೆಳಗಿನ ಮೆಟ್ಟಿಲಲ್ಲಿ ಅಂಗಡಿ ಹಾಕಿಕೊಂಡು ಕೂತಿದ್ದ ಶೆಟ್ಟಿ ದಂಪತಿ ತಲೆಯಾಡಿಸಿ ಗಿರಾಕಿಗಳನ್ನು ಕರೆದರು. ಮೈಸೂರಿನ ಗಾಡಿಖಾನೆ ಬೀದಿಯ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

ಸರ್ವಮಂಗಳಮ್ಮನವರೂ ತಟ್ಟಿದರು. ತಟ್ಟದಿದ್ದರೆ ಜನ ಏನಂದುಕೊಂಡಾರು? ಆದರೆ ಅವರ ಚಪ್ಪಾಳೆಗೆ ಒಂದು ಸೊಳ್ಳೆಯೂ ಸಾಯುತ್ತಿರಲಿಲ್ಲ. ಹೊಟ್ಟೆಯೊಳಗೆ ಮಾತ್ರ ಮೂರು ಒಲೆ ಒಟ್ಟಿಗೆ ಉರಿಯುತ್ತಿದ್ದವು.

ಅವರಿಬ್ಬರೂ ಓರಗಿತ್ತಿಯರು. ಸರ್ವಮಂಗಳಮ್ಮ ಹಿರಿ ಸೊಸೆ, ವಸುಂಧರೆ ಕಿರಿ ಸೊಸೆ. ಹಿಂದೆ ಒಂದೇ ಮನೆ. ಅತ್ತೆ ಸಾತಮ್ಮನವರು ಬದುಕಿದ್ದಾಗಲೇ ಪಾಲಾಯಿತು. ಹಿತ್ತಿಲಿನ ಬಚ್ಚಲುಮನೆ ಕೆಡವಿ, ಅದೇ ಇಟ್ಟಿಗೆಯಲ್ಲಿ ನಡುಮನೆಗೆ ಅಡ್ಡಗೋಡೆ ಎಬ್ಬಿಸಿದರು. ಪಾಲೆಂದರೆ ಸಾತಮ್ಮನವರ ಪಾಲು! ಯಾರಿಗೂ ಒಂದು ಗುಲಗಂಜಿ ಹೆಚ್ಚು ಕಡಿಮೆ ಆಗಬಾರದೆಂದು ಒರಳುಕಲ್ಲನ್ನು ಹಿರಿಯವಳಿಗೂ ಅದರ ಗುಂಡನ್ನು ಕಿರಿಯವಳಿಗೂ ಕೊಟ್ಟರು. ಸೀಲಿಂಗ್ ಫ್ಯಾನು ಹಿರಿಯವಳಿಗೆ ಬಂತು, ಅದರ ರೆಗ್ಯುಲೇಟರ್ ಕಿರಿಯವಳಿಗೆ ಹೋಯಿತು. ಅಂದಿನಿಂದ ಸರ್ವಮಂಗಳಮ್ಮನವರ ಫ್ಯಾನು ಓಡಿದರೆ ಬಿರುಗಾಳಿ, ನಿಂತರೆ ಸೆಕೆ. ಹೊಸ ರೆಗ್ಯುಲೇಟರ್ ತರೋಣವೆಂದರೆ “ನಮ್ಮದು ಅಲ್ಲಿ ಕೂತಿರುವಾಗ ಹೊಸದು ಯಾಕೆ?” ಎಂಬ ಹಟ. ಅವರ ಯಜಮಾನರು ನಂಜುಂಡಯ್ಯನವರು ಏಪ್ರಿಲ್ ತಿಂಗಳಲ್ಲೂ ಶಾಲು ಹೊದ್ದುಕೊಂಡು ಪೇಪರ್ ಓದುತ್ತಿದ್ದರು.

ಒರಳು, ಫ್ಯಾನು ಹಾಳಾಗಿ ಹೋಗಲಿ. ಸಾತಮ್ಮನವರು ಪಟ್ಟದ ಗೊಂಬೆಗಳನ್ನೂ ಪಾಲು ಮಾಡಿದ್ದರು! ಮೊಳದುದ್ದದ, ಕೆಂಪು ಮರದ ರಾಜ-ರಾಣಿ. ಬೀದಿಯಲ್ಲಿ ಯಾರ ಮನೆಯಲ್ಲೂ ಅಂಥ ಜೋಡಿ ಇರಲಿಲ್ಲ. “ನನ್ನ ತೌರಿನಿಂದ ಬಂದದ್ದು” ಎಂದು ಸಾತಮ್ಮನವರು ಸಾಯುವ ತನಕ ಹೇಳಿಕೊಂಡು ತಿರುಗಿದರು. ರಾಜ ಹಿರಿಯವಳ ಮನೆಯಲ್ಲಿ ಒಂಟಿ, ರಾಣಿ ಕಿರಿಯವಳ ಮನೆಯಲ್ಲಿ ಒಂಟಿ. ಒಂದೇ ಒಂದು ದಸರೆಗಾದರೂ ರಾಣಿ ತಮ್ಮ ಮನೆಗೆ ಬಂದು ರಾಜನ ಪಕ್ಕ ಕೂರಬೇಕು, ಬೀದಿಯವರೆಲ್ಲ ಬಂದು ನೋಡಿ ಬಾಯಿ ಬಿಡಬೇಕು. ಸರ್ವಮಂಗಳಮ್ಮನವರಿಗೆ ಜೀವನದಲ್ಲಿ ಬೇರೆ ಆಸೆಯೇ ಇರಲಿಲ್ಲ. ಪ್ರತಿ ವರ್ಷ ಕೇಳುತ್ತಿದ್ದರು. ವಸುಂಧರೆ ಪ್ರತಿ ವರ್ಷ “ರಾಜನ್ನೇ ಕಳಿಸಿಕೊಡಿ ಅಕ್ಕಾ, ಅಳಿಯನ ಹಾಗೆ ನೋಡ್ಕೋತೀನಿ” ಎಂದು ನಗುತ್ತಿದ್ದಳು. ಆ ನಗುವೇ ಇವರಿಗೆ ಮೈಯೆಲ್ಲ ಉರಿಸುತ್ತಿತ್ತು.

ಸಾಲದ್ದಕ್ಕೆ ವಸುಂಧರೆ ಓದಿದವಳು. ಬ್ಯಾಟರಿಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದ ಮೇಲೆ ಅಡುಗೆಮನೆಯಲ್ಲೇ ಕಪ್ಪು ಪುಡಿ ಹುರಿದು ಲಿಥಿಯಂ ಬ್ಯಾಟರಿ ಕಟ್ಟುತ್ತಿದ್ದಳು. ಅವಳು ಏನಾದರೂ ಆನ್ ಮಾಡುವ ದಿನ ಅವಳ ಗಂಡ ಪ್ರಾಣೇಶ ಹೇಳದೆ ಕೇಳದೆ ಚಾಮುಂಡಿ ಬೆಟ್ಟ ಹತ್ತಲು ಹೋಗಿಬಿಡುತ್ತಿದ್ದ. ಹೋದ ವರ್ಷ ಅವಳ ಗೊಂಬೆಗಳು ನಡೆದಾಡಿದ್ದೇ ತಡ, ಮಹಿಳಾ ಸಮಾಜದ ಗೊಂಬೆ ಬಹುಮಾನ ಸರ್ವಮಂಗಳಮ್ಮನವರ ಕೈತಪ್ಪುವುದರಲ್ಲಿತ್ತು. ದೇವರು ದೊಡ್ಡವನು, ಸರಸ್ವತಿ ಪೂಜೆಯ ಹೊತ್ತಿಗೆ ಬ್ಯಾಟರಿ ಸೊರಗಿತು! ಆನೆ ನಡುರಸ್ತೆಯಲ್ಲಿ ನಿಂತಿತು. ಶೆಟ್ಟಿ ಬಗ್ಗಿದವನು ಮತ್ತೆ ಏಳಲೇ ಇಲ್ಲ. ಅಂದು ಸರ್ವಮಂಗಳಮ್ಮನವರು ಹೊರಗೆ “ಅಯ್ಯೋ ಪಾಪ” ಅಂದು, ಒಳಗೆ ಬಂದು ಹಾಲು ಪಾಯಸ ಮಾಡಿ ಉಂಡಿದ್ದರು.

“ಈ ಸಲವೂ ಆನೆ ನಡುರಸ್ತೆಯಲ್ಲಿ ಮಲಗುತ್ತಾ ವಸೂ?” ಎಂದು ಈಗ ಬೆಲ್ಲದಂಥ ದನಿಯಲ್ಲಿ ಕೇಳಿದರು.

“ಇಲ್ಲ ಅಕ್ಕಾ! ಅದು ಯಾಕೆ ಸೊರಗುತ್ತೆ ಅಂತ ಕಂಡುಹಿಡಿದಿದೀನಿ. ಈ ಗೊಂಬೆ ಮೆಟ್ಟಿಲು ನೋಡಿ. ಬ್ಯಾಟರಿಯೊಳಗೆ ಕ್ಯಾಥೋಡ್ ಅಂತ ಒಂದಿರುತ್ತೆ, ಅದೂ ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಇರುತ್ತೆ. ಒಂದು ಸಾಲಲ್ಲಿ ಲಿಥಿಯಂ, ಅದರ ಮೇಲಿನ ಸಾಲಲ್ಲಿ ಮ್ಯಾಂಗನೀಸ್. ಚಾರ್ಜ್ ಮಾಡಿದಾಗ ಲಿಥಿಯಂ ಎದ್ದು ಆಚೆ ಕಡೆಗೆ ಹೋಗುತ್ತೆ. ಮನೆ ಖಾಲಿ ಇದೆಯಲ್ಲಾ ಅಂತ ಪಕ್ಕದ ಮ್ಯಾಂಗನೀಸ್ ಮೆಲ್ಲಗೆ ಬಂದು ಅಲ್ಲಿ ಕೂತುಬಿಡುತ್ತೆ. ಲಿಥಿಯಂ ವಾಪಸ್ ಬಂದು ನೋಡಿದ್ರೆ ಜಾಗವೇ ಇಲ್ಲ! ಇದನ್ನೆಲ್ಲ ನೋಡಿ ಆಕ್ಸಿಜನ್ ಬೇಜಾರಾಗಿ ಮನೆ ಬಿಟ್ಟು ಹೋಗುತ್ತೆ. ಒಂದೊಂದು ಸಲ ಚಾರ್ಜ್ ಮಾಡಿದಾಗಲೂ ಇಷ್ಟಿಷ್ಟೇ ವೋಲ್ಟೇಜು ಇಳಿಯುತ್ತೆ.”

“ಅಂದ್ರೆ ಬ್ಯಾಟರಿಯೊಳಗೂ ಓರಗಿತ್ತೀರಿದ್ದಾರೆ ಅನ್ನು!” ಎಂದರು ಎದುರುಮನೆಯ ಕಮಲಾಕ್ಷಮ್ಮ. ಎಲ್ಲರೂ ಗೊಳ್ಳೆಂದು ನಕ್ಕರು.

ಕಮಲಾಕ್ಷಮ್ಮನವರ ಮಾತಿಗೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಪಾಪ, ಅವರ ಮನೆಯಲ್ಲಿ ಮೂರೇ ಮೆಟ್ಟಿಲು, ಅದರಲ್ಲೂ ಮೂಗು ಮುರಿದ ಗೊಂಬೆಗಳು. ಪಟ್ಟದ ಗೊಂಬೆ ಇಲ್ಲದ್ದಕ್ಕೆ ಎರಡು ತೆಂಗಿನಕಾಯಿಗೆ ಕಣ್ಣು, ಮೀಸೆ ಬರೆದು ರಾಜ-ರಾಣಿ ಎಂದು ಕೂರಿಸುತ್ತಿದ್ದರು. “ನಮ್ಮತ್ತೆ ಕಾಲದಲ್ಲಿ ಒಂದು ಜೊತೆ ಇತ್ತಂತೆ ಕಣ್ರೀ, ಎಲ್ಲಿ ಹೋಯ್ತೋ ಏನೋ” ಎಂದು ಪ್ರತಿ ದಸರೆಗೂ ಒಂದು ಸಲ ಹೇಳುತ್ತಿದ್ದರು. ಓರಗಿತ್ತಿಯರಿಬ್ಬರೂ ಒಮ್ಮತದಿಂದ ಪಾಪ ಅನ್ನುತ್ತಿದ್ದದ್ದು ಅವರೊಬ್ಬರಿಗೇ.

ವಸುಂಧರೆ ಒಂದು ಇಡ್ಲಿ ಪಾತ್ರೆಯನ್ನು ಹೊತ್ತು ತಂದು ಮಣೆಯ ಮೇಲಿಟ್ಟಳು. ಅದರ ಮೈತುಂಬ ತಾಮ್ರದ ತಂತಿ ಸುತ್ತಿತ್ತು. ಒಂದು ಪಕ್ಕಕ್ಕೆ ಅವಳದೇ ಲಿಥಿಯಂ ಬ್ಯಾಟರಿ, ಇನ್ನೊಂದು ಪಕ್ಕಕ್ಕೆ ಕರ‍್ರಗೆ ದುಂಡಗಿನ ಫ್ಯಾನ್ ರೆಗ್ಯುಲೇಟರ್. ಅದನ್ನು ಕಂಡದ್ದೇ ಸರ್ವಮಂಗಳಮ್ಮನವರು ಕತ್ತು ಉದ್ದ ಮಾಡಿದರು. ನಮ್ಮ ಮನೆಯ ರೆಗ್ಯುಲೇಟರ್!

“ಇದು ಸ್ವಸ್ಥಾನ ಯಂತ್ರ! ತನ್ನ ಜಾಗ ಬಿಟ್ಟು ಬೇರೆಯವರ ಮನೇಲಿ ಕೂತಿರೋದನ್ನ ಎಬ್ಬಿಸಿ ಅದರದರ ಜಾಗಕ್ಕೆ ಕಳಿಸುತ್ತೆ. ಈಗ ನೋಡಿ, ಹೋದ ವರ್ಷದ ಸೊರಗಿದ ಬ್ಯಾಟರಿ.” ವಸುಂಧರೆ ಅದನ್ನು ಪಾತ್ರೆಯೊಳಗಿಟ್ಟು ರೆಗ್ಯುಲೇಟರನ್ನು ಒಂದಕ್ಕೆ ತಿರುಗಿಸಿದಳು. ಇಡ್ಲಿ ಪಾತ್ರೆ ಗುಂಯ್ ಎಂದಿತು. ವೋಲ್ಟ್ ಮೀಟರಿನ ಮುಳ್ಳು ನಿಧಾನವಾಗಿ ಎದ್ದು, ಹೊಸ ಬ್ಯಾಟರಿಯ ಮಟ್ಟಕ್ಕೆ ಹೋಗಿ ನಿಂತಿತು.

ಹೆಂಗಸರು ಓಹೋ ಎಂದರು.

“ಮಿಕ್ಕ ಪಾಯಿಂಟು ಯಾಕೆ? ಐದರ ತನಕ ಇದೆಯಲ್ಲ?” ಎಂದು ಸರ್ವಮಂಗಳಮ್ಮನವರು ಕೇಳಿದರು.

“ಅಕ್ಕಾ, ಒಂದರಲ್ಲಿ ಪರಮಾಣುಗಳು ಮಾತ್ರ ಅಲ್ಲಾಡ್ತವೆ. ಮೊನ್ನೆ ಸುಮ್ನೆ ಎರಡಕ್ಕಿಟ್ಟೆ. ನಾನು ಮುಡಿದಿದ್ದ ಕನಕಾಂಬರ ಜಡೆಯಿಂದ ಎದ್ದು ಅಂಗಳದ ಗಿಡಕ್ಕೆ ಹೋಗಿ ಅಂಟಿಕೊಳ್ತು! ಅದರ ಮೇಲೆ ಕೈ ಹಾಕಿಲ್ಲ. ಆದ್ರೆ ಒಂದು ಮಾತು. ಯಾವುದು ಯಾರ ಜಾಗ ಅನ್ನೋದ್ರಲ್ಲಿ ನನ್ನ ಯಂತ್ರ ತಪ್ಪೋದೇ ಇಲ್ಲ!”

ಸರ್ವಮಂಗಳಮ್ಮನವರ ತಲೆಯಲ್ಲಿ ದೀಪ ಹತ್ತಿದ್ದು ಆಗಲೇ. ರಾಣಿಯ ಜಾಗ ಯಾವುದು? ರಾಜನ ಪಕ್ಕ! ರಾಜ ಎಲ್ಲಿದ್ದಾನೆ? ನಮ್ಮ ಮನೆಯಲ್ಲಿ! ತಾವು ಕೇಳಬೇಕಿಲ್ಲ, ಕದಿಯಬೇಕಿಲ್ಲ. ರಾಣಿ ತಾನೇ ನಡೆದು ಬಂದರೆ ಯಾರು ತಾನೇ ಏನು ಅಂದಾರು? ಅಂದು ರಾತ್ರಿ ಅವರಿಗೆ ಹೊಟ್ಟೆ ತುಂಬಾ ಊಟ ಸೇರಿತು.

ಜಗಳ ಏನೇ ಇರಲಿ, ಗಾಡಿಖಾನೆ ಬೀದಿಯಲ್ಲಿ ಹೊರಗೆ ಹೋಗುವವರು ಬೀಗದ ಕೈಯನ್ನು ಪಕ್ಕದ ಮನೆಯಲ್ಲೇ ಕೊಡುವುದು. ಮಾರನೆಯ ದಿನ ಮಧ್ಯಾಹ್ನ ವಸುಂಧರೆ ಅರಿಶಿನ ಕುಂಕುಮಕ್ಕೆ ಕರೆಯಲು ಹೊರಟಳು. “ಅಕ್ಕಾ, ಕೀ ಇಟ್ಕೊಂಡಿರಿ” ಎಂದು ಕೈಯಲ್ಲಿಟ್ಟು ಹೋದಳು. ಅವಳು ಬೀದಿಯ ತಿರುವು ದಾಟುವ ಮೊದಲೇ ಸರ್ವಮಂಗಳಮ್ಮನವರು ಅವಳ ನಡುಮನೆಯಲ್ಲಿದ್ದರು.

ಮೇಲಿನ ಮೆಟ್ಟಿಲಲ್ಲಿ ರಾಣಿ ಒಂಟಿಯಾಗಿ ಕೂತಿದ್ದಳು. ಮೈಮೇಲೆ ಹೊಸ ಸೀರೆ, ಮೂಗಿಗೆ ಮುತ್ತು. ಎಷ್ಟು ಚೆನ್ನಾಗಿ ಸಿಂಗರಿಸಿದ್ದಾಳೆ ಪಾಪಿ ಎಂದು ಸರ್ವಮಂಗಳಮ್ಮನವರಿಗೆ ಕಣ್ಣಲ್ಲಿ ನೀರೇ ಬಂತು. ಎರಡಕ್ಕೆ ಹೂವು ಎದ್ದಿತಂತೆ. ಮೊಳದುದ್ದದ ಮರದ ರಾಣಿ ಏಳಬೇಕಾದರೆ? ಲೆಕ್ಕ ಹಾಕುವ ತಾಳ್ಮೆ ಯಾರಿಗಿದೆ! ಯಂತ್ರ ಆನ್ ಮಾಡಿ, ರೆಗ್ಯುಲೇಟರನ್ನು ಐದಕ್ಕೆ ತಿರುಗಿಸಿ, ಸೆರಗು ಎತ್ತಿ ಕಟ್ಟಿಕೊಂಡು ತಮ್ಮ ಮನೆಗೆ ಓಡಿದರು.

ಅಲ್ಲಿ ಎಲ್ಲ ಸಿದ್ಧವಾಗಿತ್ತು. ರಾಜನನ್ನು ಒಂದು ಪಕ್ಕಕ್ಕೆ ಸರಿಸಿ ರಾಣಿಗೆ ಜರಿ ವಸ್ತ್ರ ಹಾಸಿದ್ದರು. ಆರತಿ ತಟ್ಟೆ ಹಿಡಿದು ಬಾಗಿಲಿಗೆ ಮುಖ ಮಾಡಿ ನಿಂತರು.

ರಾಣಿ ಬರಲಿಲ್ಲ. ಅಡುಗೆಮನೆಯಿಂದ ಢಣಢಣ ಸದ್ದು ಬಂತು.

ಸ್ಟೀಲ್ ಡಬ್ಬಿಗಳು ಸಾಲಾಗಿ ಹೊರಗೆ ಬರುತ್ತಿದ್ದವು! ಯಾರ್ಯಾರೋ ಚಕ್ಕುಲಿ, ಕೋಡುಬಳೆ ಹಾಕಿ ಕಳಿಸಿದ್ದ ಡಬ್ಬಿಗಳು, ‘ಆಮೇಲೆ ಕೊಟ್ಟರಾಯ್ತು’ ಎಂದು ಇಟ್ಟುಕೊಂಡವು. ಒಂದೊಂದರ ಮೇಲೂ ಮದುವೆಯಲ್ಲಿ ಕೊರೆಸಿದ ಹೆಸರು ಎದ್ದು ಕಾಣುತ್ತಿತ್ತು: ಸೌ. ಮೀನಾಕ್ಷಿ, ಚಿ. ಸೌ. ಭಾರತಿ, ಸೌ. ಕಮಲಾಕ್ಷಿ, ಸೌ. ಕಮಲಾಕ್ಷಿ, ಮತ್ತೆ ಸೌ. ಕಮಲಾಕ್ಷಿ. ಅವೆಲ್ಲ ನಡುಮನೆ ದಾಟಿ, ಬೀದಿಗಿಳಿದು, ತಂತಮ್ಮ ಮನೆಗಳ ಕಡೆಗೆ ತಿರುಗಿದವು.

“ಹಿಡೀರಿ! ರೀ, ಆ ದೊಡ್ಡ ಡಬ್ಬೀನಾದ್ರೂ ಹಿಡೀರಿ!” ಎಂದು ಸರ್ವಮಂಗಳಮ್ಮನವರು ಕೂಗಿದರು.

“ನನ್ನ ಪೇಪರ್ ಹೋಗ್ತಿದೆ ಕಣೇ!” ಎಂದರು ನಂಜುಂಡಯ್ಯನವರು. ಪೇಪರ್ ಎದುರುಮನೆಯದು. ಬೆಳಿಗ್ಗೆ ಒಂದು ನಿಮಿಷ ಅಂತ ಇಸಿದುಕೊಂಡಿದ್ದರು. ಅದು ಅವರ ಬೆರಳುಗಳ ನಡುವಿನಿಂದ ಜಾರಿ ಕಿಟಕಿಯಲ್ಲಿ ಹಾರಿಹೋಯಿತು. ಹಿಂದೆಯೇ ಒಂದು ಕೊಡೆ ಹೋಯಿತು. ಒಲೆಯ ಮೇಲೆ ಕುದಿಯುತ್ತಿದ್ದ ಹುಳಿಯ ಪಾತ್ರೆಯ ಮುಚ್ಚಳ ಎದ್ದಿತು. ಎದುರುಮನೆಯ ಕಾಂಪೌಂಡಿನೊಳಗೆ ಕೈಚಾಚಿ ಕಿತ್ತು ತಂದಿದ್ದ ಕರಿಬೇವಿನ ಎಸಳುಗಳು ಹುಳಿಯಿಂದೆದ್ದು, ಬೇಳೆ ತೊಟ್ಟಿಕ್ಕಿಸುತ್ತಾ ಕಮಲಾಕ್ಷಮ್ಮನವರ ಗಿಡಕ್ಕೆ ಹೋಗಿ ಅಂಟಿಕೊಂಡವು. ಬೀದಿಯಲ್ಲೆಲ್ಲ ಕೂಗಾಟ! ಒಬ್ಬರ ಮನೆಯ ಏಣಿ ಇನ್ನೊಬ್ಬರ ಮನೆಗೆ ಓಡುತ್ತಿತ್ತು. ಸಮಾಜದ ಅಧ್ಯಕ್ಷೆಯ ಮನೆಯಿಂದ ಸಮಾಜದ ಜಮಖಾನೆ ಉರುಳಿಕೊಂಡು ಹೊರಬಂದದ್ದನ್ನು ಎಲ್ಲರೂ ಕಣ್ಣಾರೆ ಕಂಡರು.

ಅಷ್ಟರಲ್ಲಿ ಅಡ್ಡಗೋಡೆ ನಡುಗಿತು.

ಮೊದಲು ಗಾರೆ ಉದುರಿತು. ಆಮೇಲೆ ಒಂದು ಇಟ್ಟಿಗೆ ಮೆಲ್ಲಗೆ ಸರಿದು, ಕೆಳಗಿಳಿದು, ಹಿತ್ತಿಲಿನ ದಾರಿ ಹಿಡಿಯಿತು. ಅದರ ಹಿಂದೆ ಇನ್ನೊಂದು. ಶಾಲೆ ಬಿಟ್ಟ ಮಕ್ಕಳ ಹಾಗೆ ಇಟ್ಟಿಗೆಗಳೆಲ್ಲ ಒಂದರ ಹಿಂದೊಂದು ಓಡಿದವು. ಹಿತ್ತಿಲಲ್ಲಿ ಸಾತಮ್ಮನವರ ಕಾಲದ ಬಚ್ಚಲುಮನೆ ಎದ್ದು ನಿಂತಿತು! ಇತ್ತ ನಡುಮನೆಯಲ್ಲಿ ಗೋಡೆಯೇ ಇಲ್ಲ. ಆಚೆ ಕಡೆ ಕುಂಕುಮದ ಬಟ್ಟಲು ಹಿಡಿದ ವಸುಂಧರೆ ಬಾಗಿಲು ದಾಟಿ ಒಳಗೆ ಬರುತ್ತಿದ್ದಳು. ಈಚೆ ಕಡೆ ಆರತಿ ತಟ್ಟೆ ಹಿಡಿದ ಸರ್ವಮಂಗಳಮ್ಮ.

“ಅಕ್ಕಾ! ಎಷ್ಟಕ್ಕೆ ತಿರುಗಿಸಿದ್ರಿ?”

“ನಾನ್ಯಾಕೆ ತಿರುಗಿಸ್ಲಿ? ನಿನ್ನ ಯಂತ್ರವೇ ಸರಿಯಿಲ್ಲ!”

“ಕೈಯಲ್ಲಿ ಆರತಿ ಯಾಕಿದೆ?”

“ಐದಕ್ಕೆ” ಎಂದರು ಸರ್ವಮಂಗಳಮ್ಮನವರು ಸಣ್ಣಗೆ.

ವಸುಂಧರೆ ಯಂತ್ರದ ಕಡೆಗೆ ಹಾರಿದಳು. ರೆಗ್ಯುಲೇಟರ್ ಅವಳ ಕೈಗೆ ಸಿಗಲಿಲ್ಲ! ತಿರುಪುಗಳನ್ನು ತಾನೇ ಬಿಚ್ಚಿಕೊಂಡು ಮೇಲೆದ್ದು, ಅವಳ ಮೂಗಿನ ಮುಂದೆಯೇ ಹಾದು, ಸರ್ವಮಂಗಳಮ್ಮನವರ ಗೋಡೆಯ ಹಳೇ ಮರದ ಹಲಗೆಗೆ ಹೋಗಿ ಟಕ್ಕೆಂದು ಕೂತಿತು. ಎಷ್ಟೋ ವರ್ಷಗಳಿಂದ ಹುಚ್ಚು ಹಿಡಿದಂತೆ ತಿರುಗುತ್ತಿದ್ದ ಫ್ಯಾನು ನಿಟ್ಟುಸಿರು ಬಿಟ್ಟು ನಿಧಾನವಾಯಿತು. ನಂಜುಂಡಯ್ಯನವರು ನಂಬಲಾರದೆ ಮೇಲೆ ನೋಡಿದರು. ಮೆಲ್ಲಗೆ ಶಾಲು ತೆಗೆದು ಮಡಿಚಿಟ್ಟರು.

ಆದರೆ ಯಂತ್ರಕ್ಕೆ ಈಗ ಲಗಾಮೇ ಇರಲಿಲ್ಲ. ಬಿಟ್ಟುಹೋದ ಎರಡು ತಂತಿಗಳು ಒಂದನ್ನೊಂದು ತಬ್ಬಿಕೊಂಡು ಕಿಡಿ ಕಾರಿದವು. ಇಡ್ಲಿ ಪಾತ್ರೆ ಕುಣಿಯತೊಡಗಿತು.

“ಬ್ಯಾಟರಿ ಕೀಳ್ತೀನಿ, ಸರೀರಿ!” ಎಂದು ವಸುಂಧರೆ ಮುನ್ನುಗ್ಗಿದಳು.

ಅದೇ ಹೊತ್ತಿಗೆ ಮೇಲಿನ ಮೆಟ್ಟಿಲಲ್ಲಿ ರಾಣಿ ಎದ್ದು ನಿಂತಳು!

“ಮುಟ್ಟಬೇಡ್ವೇ!” ಸರ್ವಮಂಗಳಮ್ಮನವರು ಓರಗಿತ್ತಿಯನ್ನು ಸೊಂಟಕ್ಕೆ ಕೈಹಾಕಿ ಹಿಡಿದುಕೊಂಡರು. “ರಾಣಿ ಬರ್ತಿದಾಳೆ! ನಮ್ಮ ಮನೆಗೆ ಬರ್ತಿದಾಳೆ! ತಪ್ಪೋದೇ ಇಲ್ಲ ಅಂತ ನಿನ್ನೆ ನೀನೇ ತಾನೇ ಅಂದದ್ದು? ಎಲ್ಲರ ಮುಂದೆ ಅಂದಿದ್ದೀಯ!”

ವಸುಂಧರೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಅಂದದ್ದು ನಿಜ. ವಿಜ್ಞಾನಿಗೆ ಮಾತೂ ಮುಖ್ಯ.

ರಾಣಿ ಒಂದೊಂದೇ ಮೆಟ್ಟಿಲು ಇಳಿದಳು. ನಿಂತ ಆನೆಯನ್ನು ಬಳಸಿ, ಗೋಡೆಯಿದ್ದ ಜಾಗ ದಾಟಿ, ಸರ್ವಮಂಗಳಮ್ಮನವರ ಮೆಟ್ಟಿಲು ಹತ್ತಿ, ಜರಿ ವಸ್ತ್ರದ ಮೇಲೆ ರಾಜನ ಪಕ್ಕ ನಿಂತಳು. ಏನು ಜೋಡಿ! ಏನು ಕಳೆ! ಸರ್ವಮಂಗಳಮ್ಮನವರನ್ನು ಇಷ್ಟು ವರ್ಷ ಕೊರೆದ ಕೊರಗೆಲ್ಲ ಒಂದೇ ಗಳಿಗೆಯಲ್ಲಿ ಇಳಿದು ಹೋಯಿತು. ಪಕ್ಕಕ್ಕೆ ತಿರುಗಿ ವಸುಂಧರೆಯ ಮುಖ ನೋಡಿದರು. ಅಲ್ಲಿ ಅಪ್ಪಟ ಹೊಟ್ಟೆಕಿಚ್ಚು ಕಾಣುತ್ತಿತ್ತು. ಅದನ್ನು ನೋಡಿದ್ದು ರಾಣಿಯನ್ನು ನೋಡಿದ್ದಕ್ಕಿಂತ ತಂಪಾಗಿತ್ತು.

“ಆರತಿ ಎತ್ತೋಣ ಬಾ” ಎಂದು ತಟ್ಟೆ ಮೇಲೆತ್ತಿದರು.

ರಾಜ ರಾಣಿಯ ಕೈ ಹಿಡಿದ. ಇಬ್ಬರೂ ಮೆಟ್ಟಿಲಿಳಿದರು.

“ಎಲ್ಲಿಗೆ ಹೋಗ್ತಿದಾವೆ?” ಎಂದಳು ವಸುಂಧರೆ.

ಗೊಂಬೆಗಳು ಹೊಸಿಲು ದಾಟಿ ಬೀದಿಗಿಳಿದವು. ಓರಗಿತ್ತಿಯರಿಬ್ಬರೂ ಹಿಂದೆ ಓಡಿದರು. ಡಬ್ಬಿಗಳು, ಕೊಡೆಗಳು, ಏಣಿಗಳು ದಾರಿ ಬಿಟ್ಟವು. ಜಂಬೂ ಸವಾರಿಗೂ ಇಲ್ಲದ ಗಾಂಭೀರ್ಯದಿಂದ ರಾಜ-ರಾಣಿ ಬೀದಿ ದಾಟಿ, ಎದುರುಮನೆಯ ಮೂರು ಮೆಟ್ಟಿಲು ಹತ್ತಿ, ಮೀಸೆ ಬರೆದ ತೆಂಗಿನಕಾಯಿಗಳನ್ನು ಮೆಲ್ಲಗೆ ಪಕ್ಕಕ್ಕೆ ನೂಕಿ ಕೂತುಬಿಟ್ಟರು.

ಡಬ್ಬಿಗಳನ್ನು ಜೋಡಿಸಿಕೊಳ್ಳುತ್ತಿದ್ದ ಕಮಲಾಕ್ಷಮ್ಮನವರು ಕೆನ್ನೆ ಕೆನ್ನೆ ಬಡಿದುಕೊಂಡರು. “ನಮ್ಮತ್ತೆ ಹೇಳ್ತಿದ್ದ ಗೊಂಬೆಗಳೇ! ಯಾರೋ ಒಂದು ದಸರೆಗೆ ಅಂತ ಇಸ್ಕೊಂಡು ಹೋಗಿದ್ದರಂತೆ. ಸಂಕೋಚಕ್ಕೆ ವಾಪಸ್ ಕೇಳಲೇ ಇಲ್ವಂತೆ!”

“ಸುಳ್ಳು! ನಮ್ಮತ್ತೆ ತೌರಿನಿಂದ ತಂದದ್ದು!” ಎಂದು ಸರ್ವಮಂಗಳಮ್ಮನವರು ಚೀರಿದರು. “ಹೇಳೇ ವಸೂ! ಯಂತ್ರ ತಪ್ಪಿದೆ ಅಂತ ಹೇಳು!”

ವಸುಂಧರೆ ಬಾಯಿ ತೆರೆದಳು. ಬೀದಿಯವರೆಲ್ಲ ಅವಳನ್ನೇ ನೋಡುತ್ತಿದ್ದರು. ತಪ್ಪಿದೆ ಎಂದರೆ ಯಂತ್ರ ಹೋಯಿತು, ಇಲ್ಲವೆಂದರೆ ರಾಣಿ ಹೋದಳು.

ಅಷ್ಟರಲ್ಲಿ ವಸುಂಧರೆಯ ಮನೆಯೊಳಗೆ ಢಂ ಎಂದಿತು. ಬ್ಯಾಟರಿಯ ಮುಚ್ಚಳ ಹಾರಿತ್ತು. ಒಳಗಿನ ಕಪ್ಪು ಪುಡಿ ದಾರದಂತೆ ಎದ್ದು, ಕಿಟಕಿಯಿಂದ ಹೊರಟು, ಮಾಳಿಗೆಗಳ ಮೇಲಿಂದ ಉತ್ತರದ ಕಡೆಗೆ ಸಾಗಿತು.

“ನನ್ನ ಕ್ಯಾಥೋಡ್! ಎಲ್ಲಿಗೆ ಹೊರಡ್ತು?” ಎಂದು ವಸುಂಧರೆ ತಲೆಯ ಮೇಲೆ ಕೈಹೊತ್ತಳು. ಒಂದು ಕ್ಷಣ ಯೋಚಿಸಿ ತಾನೇ ಉತ್ತರ ಹೇಳಿದಳು. “ಸಂಡೂರಿಗೆ. ಮ್ಯಾಂಗನೀಸು ಅಲ್ಲಿನ ಗಣಿಯದು.”

ಬ್ಯಾಟರಿಯ ಹೊಟ್ಟೆ ಬರಿದಾದ ಮೇಲೆ ಇಡ್ಲಿ ಪಾತ್ರೆ ಇನ್ನೊಮ್ಮೆ ಗುಂಯ್ ಎಂದು ತಣ್ಣಗಾಯಿತು. ಆ ಬ್ಯಾಟರಿಯಲ್ಲಿ ಇನ್ನು ವೋಲ್ಟೇಜು ಇಳಿಯುವ ಭಯವೇ ಇರಲಿಲ್ಲ.

ಆ ವರ್ಷದ ಬಹುಮಾನ ಕಮಲಾಕ್ಷಮ್ಮನವರಿಗೆ ಬಂತೆಂದು ಬೇರೆ ಹೇಳಬೇಕಿಲ್ಲ. ಇಬ್ಬರ ಜಗಳ ಮೂರನೆಯವರಿಗೆ ಲಾಭ! ಓರಗಿತ್ತಿಯರು ಅವರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿ, ನಕ್ಕು, ಹೊಗಳಿ, ಉಸ್ಲಿ ತಿಂದು ಬಂದರು. ಗೋಡೆಯಿಲ್ಲದ ನಡುಮನೆಯಲ್ಲಿ ಕಾಲು ಚಾಚಿ ಕೂತರು. ಒಟ್ಟಿಗೆ ಹಾಗೆ ಕೂತು ಯಾವ ಕಾಲವಾಗಿತ್ತೋ.

“ಉಸ್ಲಿಗೆ ಉಪ್ಪೇ ಇರ್ಲಿಲ್ಲ” ಎಂದರು ಸರ್ವಮಂಗಳಮ್ಮ.

“ರಾಣಿ ಸೀರೆ ನೋಡಿದ್ರಾ ಅಕ್ಕಾ? ನಾನುಡಿಸಿದ್ದನ್ನ ತೆಗೆದು ಯಾವುದೋ ರವಿಕೆ ಪೀಸು ಸುತ್ತಿದ್ದಾಳೆ!”

“ಮೂಗಿನ ಮುತ್ತೂ ತೆಗೆದಿದ್ದಾಳೆ ಕಣೇ! ಅವಳಿಗೆ ರಾಣಿ ಸಾಕೋ ಯೋಗ್ಯತೆ ಎಲ್ಲಿದೆ?”

“ಮೇಸ್ತ್ರಿನ ಕರೆಸಿ ಗೋಡೆ ಕಟ್ಟಿಸಲೇನು?” ಎಂದು ನಂಜುಂಡಯ್ಯನವರು ನಡುವೆ ಬಾಯಿ ಹಾಕಿದರು.

“ಸುಮ್ನಿರಿ, ಮಾತಾಡ್ತಿದೀವಿ!” ಎಂದರು ಇಬ್ಬರೂ ಒಟ್ಟಿಗೆ.

ಆಮೇಲೆ ಸರ್ವಮಂಗಳಮ್ಮನವರು ವಸುಂಧರೆಯ ಕಿವಿಯ ಹತ್ತಿರ ಬಗ್ಗಿದರು.

“ಅಲ್ವೇ ವಸೂ, ಆ ಗೊಂಬೆ ಕಮಲಾಕ್ಷಮ್ಮನ ಅತ್ತೆಗೆ ಎಲ್ಲಿಂದ ಬಂತು? ಅವರೂ ಯಾರ ಹತ್ರಾನೋ ಇಸ್ಕೊಂಡದ್ದೇ ಇರಬೇಕು.”

ವಸುಂಧರೆಯ ಕಣ್ಣು ಅರಳಿತು. “ಇರಬಹುದು ಅಕ್ಕಾ! ಹಾಗಾದ್ರೆ ಐದು ಸಾಲದು. ಇನ್ನೂ ಹಿಂದಕ್ಕೆ ಹೋಗಬೇಕು, ಆರು ಬೇಕು. ಹೊಸ ಕ್ಯಾಥೋಡ್ ನಾನು ಹುರೀತೀನಿ. ಆದ್ರೆ ರೆಗ್ಯುಲೇಟರ್…”

ಒಂದು ಚಮಚವನ್ನೂ ಓರಗಿತ್ತಿಗೆ ಕೊಟ್ಟು ಗೊತ್ತಿಲ್ಲದ ಸರ್ವಮಂಗಳಮ್ಮನವರು ಎದ್ದರು. ಸ್ಟೂಲು ಹಾಕಿಕೊಂಡು ಹತ್ತಿ, ಗೋಡೆಯ ಮೇಲಿದ್ದ ರೆಗ್ಯುಲೇಟರನ್ನು ತಾವೇ ಬಿಚ್ಚಿ, ತಂತಿಗಳನ್ನು ನೇರಕ್ಕೆ ಜೋಡಿಸಿ, ಅದನ್ನು ವಸುಂಧರೆಯ ಮಡಿಲಿಗೆ ಹಾಕಿದರು. ತಲೆಯ ಮೇಲೆ ಫ್ಯಾನು ಭರ‍್ರೆಂದು ಬಿರುಗಾಳಿ ಎಬ್ಬಿಸಿತು.

ನಂಜುಂಡಯ್ಯನವರು ಶಾಲು ಹುಡುಕಿಕೊಂಡು ಹೊದ್ದುಕೊಂಡರು.